ಅಂಗುಳದ ಹಿಂದಿನ ಕಪ್ಪು ಪಟ್ಟಿ: ಹಲ್ಲಿನ ಎಕ್ಸ್‌ರೇಯಲ್ಲಿ ಅಡೆನಾಯ್ಡ್ ಮತ್ತು ಉಸಿರಿನ ದಾರಿ ಅಳೆಯುವ ಬಗೆ

"ಹಲ್ಲು ಮುಂದೆ ಬಂದಿದೆ ಡಾಕ್ಟ್ರೇ, ಕ್ಲಿಪ್ ಹಾಕಬೇಕಾ ನೋಡಿ" ಎಂದು ಎಂಟು ವರ್ಷದ ಹುಡುಗನನ್ನು ಕರೆತರುತ್ತಾರೆ. ಕುರ್ಚಿಯಲ್ಲಿ ಕೂತಷ್ಟು ಹೊತ್ತೂ ಅವನ ಬಾಯಿ ತೆರೆದೇ ಇರುತ್ತದೆ. ತುಟಿ ಒಣಗಿ ಬಿರಿದಿದೆ, ಕಣ್ಣಿನ ಕೆಳಗೆ ಕಪ್ಪು, ಮೇಲಿನ ಅಂಗುಳ ಕಿರಿದಾಗಿ ಗೋಪುರದಂತೆ ಎದ್ದಿದೆ. ರಾತ್ರಿ ಗೊರಕೆ ಹೊಡೆಯುತ್ತಾನಾ ಎಂದು ಕೇಳಿದರೆ ತಾಯಿ ನಗುತ್ತಾರೆ: "ಅವರಪ್ಪನ ಥರಾನೇ." ನಾವು ದಂತವೈದ್ಯರು ಒಂದು ಲ್ಯಾಟರಲ್ ಸೆಫ್, ಅಂದರೆ ತಲೆಯನ್ನು ಪಕ್ಕದಿಂದ ಹಿಡಿದ ಎಕ್ಸ್‌ರೇ, ತೆಗೆಸುತ್ತೇವೆ, ದವಡೆಯ ಕೋನಗಳನ್ನು ಅಳೆಯುತ್ತೇವೆ, ಬಾಚಿಹಲ್ಲು ಎಷ್ಟು ವಾಲಿದೆ ಎಂದು ಬರೆದುಕೊಳ್ಳುತ್ತೇವೆ. ಫಿಲ್ಮು ಕವರಿಗೆ ಹೋಗುತ್ತದೆ.

ನಾನೂ ಹಾಗೇ ಮಾಡಿದ್ದೆ. ಕ್ಲಿನಿಕ್ ಶುರುಮಾಡಿದ ಹೊಸದರಲ್ಲಿ ಬಂದ ಒಬ್ಬ ಹುಡುಗಿಯ ಫಿಲ್ಮಿನಲ್ಲಿ ಕೋನಗಳನ್ನೆಲ್ಲ ಅಚ್ಚುಕಟ್ಟಾಗಿ ಅಳೆದು ಚಿಕಿತ್ಸೆ ಆರಂಭಿಸಿದೆ. ಎಂಟು ತಿಂಗಳಾದ ಮೇಲೆ ಕಿವಿ ಸರಿಯಾಗಿ ಕೇಳುತ್ತಿಲ್ಲ ಎಂದು ಮನೆಯವರು ಇಎನ್‌ಟಿ ವೈದ್ಯರ ಹತ್ತಿರ ಹೋದರು. ಅವರು ಮೂಗಿನ ಹಿಂದೆ ಬೆಳೆದಿದ್ದ ಅಡೆನಾಯ್ಡ್ ಎಂಬ ಅಂಗಾಂಶ ತೆಗೆದರು, ಕಿವಿಯೂ ಸರಿಹೋಯಿತು. ಹಳೆಯ ಫಿಲ್ಮನ್ನು ಹುಡುಕಿ ಬೆಳಕಿಗೆ ಹಿಡಿದೆ. ಅಂಗುಳದ ಹಿಂದೆ ಗಾಳಿಯ ಕಪ್ಪು ಪಟ್ಟಿ ಅಗಲವಾಗಿ ಇರಬೇಕಾದ ಕಡೆ ದಾರದಷ್ಟು ಗೆರೆ. ಮೊದಲ ದಿನದಿಂದ ಅಲ್ಲೇ ಇತ್ತು. ನಾನು ಹಲ್ಲು ನೋಡುತ್ತಿದ್ದೆ.

ಆ ಪಟ್ಟಿಯನ್ನು ನೋಡುವುದು, ಅಳೆಯುವುದು, ಎಷ್ಟರ ಮಟ್ಟಿಗೆ ನಂಬಬಹುದು ಎಂದು ತೀರ್ಮಾನಿಸುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ಮುಖ್ಯವಾಗಿ ಬಿಡಿಎಸ್ ಮುಗಿಸಿದವರಿಗೆ ಮತ್ತು ಕ್ಲಿಪ್ ಚಿಕಿತ್ಸೆ ಮಾಡುವವರಿಗೆ. ಮಗುವಿನ ಫಿಲ್ಮು ಕೈಯಲ್ಲಿ ಹಿಡಿದು ಕೂತಿರುವ ಅಪ್ಪ ಅಮ್ಮಂದಿರೂ ಓದಬಹುದು, ಆದರೆ ಮನೆಯಲ್ಲಿ ಸ್ಕೇಲು ಹಿಡಿದು ಕಾಯಿಲೆ ನಿರ್ಧರಿಸಬೇಡಿ.

ಯಾವ ಎಕ್ಸ್‌ರೇ?

ಹಲ್ಲಿನ ಎಕ್ಸ್‌ರೇ ಎಂದರೆ ಎಲ್ಲವೂ ಒಂದಲ್ಲ. ಒಂದೆರಡು ಹಲ್ಲಿಗೆ ತೆಗೆಯುವ ಚಿಕ್ಕ ಫಿಲ್ಮಿನಲ್ಲಿ ಗಂಟಲು ಬರುವುದೇ ಇಲ್ಲ. ದವಡೆಯನ್ನು ಬಿಡಿಸಿ ಉದ್ದಕ್ಕೆ ಹಾಸಿದಂತೆ ತೋರಿಸುವ ಓಪಿಜಿ ಕೂಡ ಈ ಕೆಲಸಕ್ಕೆ ಬಾರದು. ಓಪಿಜಿಯಲ್ಲಿ ಅಂಗುಳದ ಕೆಳಗೆ ಅಥವಾ ಬದಿಗಳಲ್ಲಿ ಕಾಣುವ ಕಪ್ಪು ನೆರಳುಗಳನ್ನು ತೋರಿಸಿ "ಇದೇ ಬ್ಲಾಕಾ?" ಎಂದು ಕೇಳುವವರಿದ್ದಾರೆ. ಅಲ್ಲ. ನಾಲಗೆ ಅಂಗುಳಕ್ಕೆ ಅಂಟಿಕೊಳ್ಳದಿದ್ದಾಗಲೂ ಅಂಥ ಕಪ್ಪು ಬೀಳುತ್ತದೆ.

ಬೇಕಾದದ್ದು ತಲೆಯನ್ನು ಪಕ್ಕದಿಂದ ತೆಗೆದ ಲ್ಯಾಟರಲ್ ಸೆಫಲೋಗ್ರಾಂ. 1931ರಲ್ಲಿ ಅಮೆರಿಕದಲ್ಲಿ ಬ್ರಾಡ್‌ಬೆಂಟ್, ಜರ್ಮನಿಯಲ್ಲಿ ಹೋಫ್ರಾತ್ ಇದನ್ನು ಬೇರೆಬೇರೆಯಾಗಿ ರೂಪಿಸಿದರು. ಕಿವಿಗೆ ಎರಡು ಕಡ್ಡಿ ಇಟ್ಟು ತಲೆಯನ್ನು ಒಂದೇ ಸ್ಥಾನದಲ್ಲಿ ನಿಲ್ಲಿಸಿ ತೆಗೆಯುವುದು ಅದರ ಜೀವಾಳ. ಹಾಗೆ ನಿಲ್ಲಿಸುವುದರಿಂದಲೇ ಅಳತೆಗೆ ಅರ್ಥ ಬರುತ್ತದೆ. ಇಎನ್‌ಟಿ ವೈದ್ಯರು ಬರೆಯುವ "ನೇಸೋಫ್ಯಾರಿಂಕ್ಸ್ ಲ್ಯಾಟರಲ್ ವ್ಯೂ" ಇದರ ಅಣ್ಣತಮ್ಮನೇ, ಆದರೆ ಅದರಲ್ಲಿ ತಲೆಯನ್ನು ಹಿಡಿದಿಡುವ ಕಡ್ಡಿ ಇರುವುದಿಲ್ಲ.

ಅಡೆನಾಯ್ಡ್ ಒಂದಕ್ಕಾಗಿಯೇ ಸೆಫ್ ತೆಗೆಸಬೇಕೇ? ನನ್ನ ಉತ್ತರ, ಬೇಡ. ಹಲ್ಲು ದವಡೆಯ ಚಿಕಿತ್ಸೆಗೆ ಅದು ಹೇಗೂ ಬೇಕಿದ್ದರೆ ತೆಗೆದ ಫಿಲ್ಮಿನಿಂದ ಈ ಮಾಹಿತಿಯನ್ನೂ ಹಿಂಡಿಕೊಳ್ಳಿ. ಮೂಗು ಕಟ್ಟುವುದೊಂದೇ ದೂರು ಆಗಿದ್ದರೆ ನೇರವಾಗಿ ಇಎನ್‌ಟಿಗೆ ಕಳಿಸಿ. ಸೆಫ್‌ನ ವಿಕಿರಣ ಕಡಿಮೆಯೇ, ಸಾಮಾನ್ಯವಾಗಿ 10 ಮೈಕ್ರೋಸೀವರ್ಟ್‌ನೊಳಗೆ. ಭೂಮಿಯಿಂದ, ಆಕಾಶದಿಂದ ನಮ್ಮ ಮೇಲೆ ಸುಮ್ಮನೆ ಬೀಳುವ ಒಂದೆರಡು ದಿನದ ವಿಕಿರಣಕ್ಕೆ ಅದು ಸಮ. ಆದರೂ ಮಗುವಿನ ಮೇಲೆ ಕಾರಣವಿಲ್ಲದೆ ಒಂದು ಹನಿಯೂ ಬೇಡ. ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನಿನ ಡೋಸ್ ಇದರ ಹಲವು ಪಟ್ಟು. ಬಣ್ಣಬಣ್ಣದ ಉಸಿರಿನ ಕೊಳವೆಯ ಚಿತ್ರ ಪೋಷಕರಿಗೆ ತೋರಿಸಲು ಚೆನ್ನ, ಅಷ್ಟಕ್ಕಾಗಿ ಅದನ್ನು ತೆಗೆಸುವುದು ಸರಿಯಲ್ಲ. ಒಳಗೆ ಸಿಕ್ಕಿಕೊಂಡ ಕೋರೆಹಲ್ಲಿಗೋ ಮತ್ತೊಂದಕ್ಕೋ ಆಗಲೇ ತೆಗೆದಿದ್ದರೆ ನೋಡಿ.

ನೋಡಬೇಕಾದದ್ದು ಏನು

ನಮ್ಮ ಕಡೆ ಜನ "ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ" ಎನ್ನುತ್ತಾರೆ. ಆ ಮಾತಿನೊಳಗೆ ಮೂಗಿನ ಪಾಲಿಪ್ಪೂ ಸೇರಿಕೊಳ್ಳುತ್ತದೆ, ಅಡೆನಾಯ್ಡೂ ಸೇರಿಕೊಳ್ಳುತ್ತದೆ. ಅಡೆನಾಯ್ಡ್ ಎಲ್ಲ ಮಕ್ಕಳಲ್ಲೂ ಇರುವ, ಟಾನ್ಸಿಲ್ ಜಾತಿಯ ಅಂಗಾಂಶ. ಮೂಗಿನ ಹಿಂದೆ ಗಂಟಲು ಶುರುವಾಗುವಲ್ಲಿ, ತಲೆಬುರುಡೆಯ ತಳಕ್ಕೆ ತೂಗುಹಾಕಿದಂತೆ ಇರುತ್ತದೆ. ಬಾಯಿ ತೆರೆದು ಟಾರ್ಚ್ ಬಿಟ್ಟರೆ ಕಾಣುವುದಿಲ್ಲ. 1868ರಲ್ಲಿ ಕೋಪನ್‌ಹೇಗನ್‌ನ ವೈದ್ಯ ವಿಲ್ಹೆಲ್ಮ್ ಮೇಯರ್ ಮಕ್ಕಳ ಮೂಗು ಕಟ್ಟುವಿಕೆಗೂ ಕಿವುಡಿಗೂ ಇದನ್ನು ಜೋಡಿಸಿ ಬರೆದ ಮೇಲೆ ಇದರ ಕಡೆ ವೈದ್ಯರ ಗಮನ ಹರಿಯಿತು.

ಶಿಶುವಿನಲ್ಲಿ ಮೊದಲ ಕೆಲವು ತಿಂಗಳು ಇದು ಎಕ್ಸ್‌ರೇಯಲ್ಲಿ ಕಾಣುವಷ್ಟು ಇರುವುದಿಲ್ಲ. ಆಮೇಲೆ ಬೇಗ ಬೆಳೆದು ಶಾಲೆಗೆ ಸೇರುವ ವಯಸ್ಸಿನ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ, ಹದಿಹರೆಯದಲ್ಲಿ ಕರಗುತ್ತದೆ. ಈ ಏರಿಳಿತ ನೆನಪಿನಲ್ಲಿರಲಿ. ಐದು ವರ್ಷದ ಮಗುವಿನಲ್ಲಿ ದೊಡ್ಡ ನೆರಳು ಕಂಡರೆ ಗಾಬರಿ ಬೇಡ. ಅದೇ ನೆರಳು ಹದಿನಾರರ ಹುಡುಗನಲ್ಲಿ ಕಂಡರೆ, ಅದರ ಜೊತೆ ಮೂಗಿನಿಂದ ರಕ್ತ ಬರುತ್ತಿದ್ದರೆ, ಅದನ್ನು ಅಡೆನಾಯ್ಡ್ ಎಂದು ಬರೆಯಲೇಬೇಡಿ. ಆ ವಯಸ್ಸಿನ ಹುಡುಗರಲ್ಲಿ ಅದೇ ಜಾಗದಲ್ಲಿ ಆಂಜಿಯೋಫೈಬ್ರೋಮಾ ಎಂಬ ರಕ್ತನಾಳಗಳ ಗಡ್ಡೆ ಬರುತ್ತದೆ. ಅದನ್ನು ಕೆದಕಿದರೆ ರಕ್ತ ನಿಲ್ಲಿಸುವುದೇ ಕಷ್ಟ.

ಫಿಲ್ಮು ತೆಗೆಯುವ ಹೊತ್ತು

ಅಳತೆಯ ಅರ್ಧ ಜವಾಬ್ದಾರಿ ಇಲ್ಲಿದೆ. ಟೆಕ್ನಿಷಿಯನ್ ಮೇಲೆ ಬಿಟ್ಟು ಫೋನ್ ನೋಡುತ್ತ ಕೂತರೆ ಆಮೇಲೆ ಯಾವ ಗೆರೆ ಎಳೆದರೂ ಪ್ರಯೋಜನವಿಲ್ಲ.

ಮಗುವಿಗೆ ಈಗ ನೆಗಡಿ ಇದೆಯೇ ಕೇಳಿ. ನೆಗಡಿಯಲ್ಲಿ ಅಡೆನಾಯ್ಡ್ ಊದಿಕೊಳ್ಳುತ್ತದೆ. ಅವಸರವಿಲ್ಲದಿದ್ದರೆ ಎರಡು ಮೂರು ವಾರ ಬಿಟ್ಟು ಬನ್ನಿ ಎನ್ನಿ. ಓಲೆ, ಕ್ಲಿಪ್ಪು, ಹೇರ್‌ಬ್ಯಾಂಡ್ ತೆಗೆಸಿ. ಸೀಸದ ಕುತ್ತಿಗೆ ಪಟ್ಟಿ ಹಾಕಿದರೆ ಗಂಟಲಿನ ಕೆಳಭಾಗ ಅದರ ನೆರಳಿನಲ್ಲಿ ಮುಚ್ಚಿಹೋಗುತ್ತದೆ ಎಂಬುದೂ ಗೊತ್ತಿರಲಿ.

ತಲೆ ನೇರ, ಕಣ್ಣು ಎದುರಿನ ಗೋಡೆಯ ಕನ್ನಡಿಯಲ್ಲಿ ತನ್ನ ಕಣ್ಣನ್ನೇ ನೋಡುತ್ತಿರಬೇಕು. ಗದ್ದ ಮೇಲೆತ್ತಿದರೆ ಗಂಟಲು ಹಿಗ್ಗಿದಂತೆ ಕಾಣುತ್ತದೆ, ಎದೆಗೆ ತಾಗಿಸಿದರೆ ಕುಗ್ಗಿದಂತೆ. ಹಿಂಬದಿ ಹಲ್ಲು ಕಚ್ಚಿರಲಿ, ತುಟಿ ಸಡಿಲವಿರಲಿ, ಮೂಗಿನಲ್ಲಿ ಮೆಲ್ಲಗೆ ಉಸಿರಾಡಲಿ. ಉಗುಳು ನುಂಗಬಾರದು. ನಾನು ಮಕ್ಕಳಿಗೆ ಹೇಳುವುದು ಹೀಗೆ: "ಪುಟ್ಟಾ, ಈಗಲೇ ಒಂದು ಸಲ ನುಂಗಿಬಿಡು. ಇನ್ನು ಮಿಷನ್ನು ಗುಂಯ್ ಅನ್ನೋದು ನಿಲ್ಲೋವರೆಗೂ ನೀನು ಗೊಂಬೆ." ನಮ್ಮಲ್ಲಿರುವ ಅನೇಕ ಡಿಜಿಟಲ್ ಯಂತ್ರಗಳು ಒಂದೇ ಕ್ಷಣದಲ್ಲಿ ಚಿತ್ರ ಹಿಡಿಯುವುದಿಲ್ಲ, ಹಲವು ಸೆಕೆಂಡು ತಲೆಯ ಉದ್ದಕ್ಕೂ ಸರಿಯುತ್ತ ಹೋಗುತ್ತವೆ. ಗಂಟಲಿನ ಮೇಲೆ ಹಾಯುವಾಗಲೇ ಮಗು ನುಂಗಿದರೆ ಕತೆ ಮುಗಿಯಿತು. ಅಳುವ ಮಗುವಿಗೆ ತೆಗೆಯಲೇಬೇಡಿ. ಅಳುವಾಗ ಅಂಗುಳವೂ ಗಂಟಲಿನ ಗೋಡೆಯೂ ಜಾಗ ಬಿಟ್ಟಿರುತ್ತವೆ.

ಅಳೆಯುವ ಮೊದಲು ಫಿಲ್ಮನ್ನು ಅನುಮಾನಿಸಿ

ಆರು ವರ್ಷದ ಒಬ್ಬ ಹುಡುಗಿಯ ಫಿಲ್ಮು ಒಂದು ಸಲ ಹೊರಗಿನಿಂದ ಬಂತು. ಮೃದು ಅಂಗುಳ ಹಿಂಗೋಡೆಗೆ ಅಂಟಿಕೊಂಡಿತ್ತು, ಗಾಳಿಗೆ ದಾರಿಯೇ ಇಲ್ಲ. "ಉಸಿರಿನ ದಾರಿ ಬಹುತೇಕ ಮುಚ್ಚಿದೆ" ಎಂದು ಗಟ್ಟಿಯಾಗಿ ಬರೆದು ಕಳಿಸಿದೆ. ಇಎನ್‌ಟಿ ವೈದ್ಯರು ಮೂಗಿನಲ್ಲಿ ಎಂಡೋಸ್ಕೋಪ್ ಬಿಟ್ಟು ನೋಡಿ ಫೋನ್ ಮಾಡಿದರು: "ಹಿಂದೆ ಬಯಲಿದ್ದ ಹಾಗಿದೆಯಲ್ರೀ, ನೀವು ಏನು ನೋಡಿದ್ರಿ?" ಮತ್ತೆ ಫಿಲ್ಮು ತೆಗೆದು ನೋಡಿದಾಗ ಕಂಡಿತು. ಅಂಗುಳ ಮೊಣಕಾಲಿನಂತೆ ಮಡಿಚಿತ್ತು, ಕತ್ತಿನ ಹಯಾಯ್ಡ್ ಮೂಳೆ ಗದ್ದದ ಗೆರೆಯ ಹತ್ತಿರ ಮೇಲಕ್ಕೆ ಬಂದಿತ್ತು, ನಾಲಗೆ ಅಂಗುಳಕ್ಕೆ ಒತ್ತಿಕೊಂಡಿತ್ತು. ಮಗು ನುಂಗಿತ್ತು, ಅಷ್ಟೇ.

ಅಂದಿನಿಂದ ಸ್ಕೇಲು ಮುಟ್ಟುವ ಮುನ್ನ ಮೂರು ಕಡೆ ಕಣ್ಣಾಡಿಸುತ್ತೇನೆ. ವಿಶ್ರಾಂತಿಯಲ್ಲಿರುವ ಮೃದು ಅಂಗುಳ ಗಟ್ಟಿ ಅಂಗುಳದ ಹಿಂತುದಿಯಿಂದ ಕೆಳಕ್ಕೂ ಹಿಂದಕ್ಕೂ ಇಳಿಬಿದ್ದು ಕಿರುನಾಲಗೆಯಲ್ಲಿ ಮುಗಿಯಬೇಕು, ಮಧ್ಯದಲ್ಲಿ ಮಡಿಕೆ ಇರಬಾರದು. ಹಯಾಯ್ಡ್ ಎಲ್ಲಿದೆ ನೋಡಬೇಕು. ಕೊನೆಯದಾಗಿ ಕೆಳದವಡೆಯ ಎಡ ಬಲ ಅಂಚುಗಳು ಎಷ್ಟು ದೂರ ಬೇರೆಬೇರೆಯಾಗಿ ಕಾಣುತ್ತಿವೆ ಎಂಬುದು. ತುಸು ಜೋಡಿಗೆರೆ ಸಹಜ, ಆದರೆ ಕಿವಿಕಡ್ಡಿಯ ಉಂಗುರಗಳೂ ಒಂದರ ಮೇಲೊಂದು ಕೂರದೆ ದೂರ ಸರಿದಿದ್ದರೆ ತಲೆ ತಿರುಗಿದೆ ಎಂದರ್ಥ. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಅಳತೆ ಬರೆಯುವುದಿಲ್ಲ, "ಈ ಫಿಲ್ಮಿನಲ್ಲಿ ಹೇಳಲಾಗದು" ಎಂದು ಬರೆಯುತ್ತೇನೆ. ಅದೂ ಒಂದು ವರದಿಯೇ.

ಗುರುತುಗಳು

ಫಿಲ್ಮಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ ಬೆಳಕಿನ ಪೆಟ್ಟಿಗೆಯ ಮೇಲಿಡಿ. ಕಂಪ್ಯೂಟರಿನಲ್ಲಾದರೆ ಬೆಳಕು ತುಸು ಕಡಿಮೆ ಮಾಡಿ. ಮೃದು ಅಂಗಾಂಶದ ಅಂಚು ಆಗ ಚೆನ್ನಾಗಿ ಏಳುತ್ತದೆ.

ಮೊದಲು ತಲೆಬುರುಡೆಯ ನಡುವೆ ಬಟ್ಟಲಿನಂಥ ಪುಟ್ಟ ಗುಳಿಯನ್ನು ಹುಡುಕಿ. ಅದು ಸೆಲ್ಲಾ. ಅಲ್ಲಿಂದ ಹಿಂದಕ್ಕೂ ಕೆಳಕ್ಕೂ ಒಂದು ಮೂಳೆಯ ಇಳಿಜಾರು ಹೋಗುತ್ತದೆ, ಬೆಟ್ಟದ ಬೆನ್ನಿನ ಹಾಗೆ. ಆ ಇಳಿಜಾರಿನ ಕೆಳಮುಖವೇ ಮೂಗಿನ ಹಿಂಕೋಣೆಯ ಚಾವಣಿ. ಅದರ ಕೆಳ ಅರ್ಧ ಬೇಸಿಆಕ್ಸಿಪಿಟ್, ಕೊಟ್ಟಕೊನೆಯ ತುದಿ ಬೇಸಿಯಾನ್. ಮಕ್ಕಳಲ್ಲಿ ಇಳಿಜಾರಿನ ಮಧ್ಯೆ ಅಡ್ಡಕ್ಕೆ ತೆಳ್ಳನೆಯ ಕಪ್ಪು ಸೀಳು ಕಾಣುತ್ತದೆ. ಎರಡು ಮೂಳೆ ಇನ್ನೂ ಕೂಡದ ಸಂಧಿ ಅದು, ಸಿಂಕಾಂಡ್ರೋಸಿಸ್. ಹದಿಹರೆಯದಲ್ಲಿ ಮುಚ್ಚಿಕೊಳ್ಳುತ್ತದೆ. ಅದರ ಮುಂದಿನ ಕೆಳಮೂಲೆಗೆ ಚುಕ್ಕೆ ಇಡಿ. ಸೀಳು ಮುಚ್ಚಿಹೋಗಿದ್ದರೆ ಮೇಲ್ದವಡೆಯ ಹಿಂದಿರುವ ಪಿಟರಿಗಾಯ್ಡ್ ಮೂಳೆತಟ್ಟೆಗಳ ಹಿಂದಿನ ಅಂಚು ಚಾವಣಿಯ ಗೆರೆಯನ್ನು ದಾಟುವ ಜಾಗವನ್ನು ಅದರ ಬದಲಿಗೆ ಹಿಡಿಯುತ್ತಾರೆ.

ಇನ್ನು ಗಟ್ಟಿ ಅಂಗುಳ. ಬಿಳಿ ಗೆರೆಯಂತೆ ಹಿಂದಕ್ಕೆ ಹೋಗಿ ಚೂಪಾಗಿ ಮುಗಿಯುವ ತುದಿಯೇ ಪಿಎನ್‌ಎಸ್. ಬಾಚಿಹಲ್ಲಿನ ಕಡೆಯಿಂದ ಗೆರೆ ಹಿಡಿದು ಬಂದರೆ ಸುಲಭ. ಮೊಳೆಯುತ್ತಿರುವ ದವಡೆ ಹಲ್ಲುಗಳು ಅದರ ಮೇಲೆ ಬಿದ್ದು ಮುಸುಕಾಗಿಸುವುದುಂಟು. ಆಗ ಮೃದು ಅಂಗುಳ ಹೊರಡುವ ಜಾಗದಿಂದ ಅಂದಾಜು ಮಾಡಿ. ಇಡೀ ಲೆಕ್ಕದಲ್ಲಿ ಹೆಚ್ಚು ತಪ್ಪಾಗುವುದು ಈ ಒಂದು ಚುಕ್ಕೆಯಲ್ಲಿ.

ಚಾವಣಿಯಿಂದ ಗಾಳಿಯ ಕಪ್ಪಿನೊಳಕ್ಕೆ ಉಬ್ಬಿರುವ ಬೂದು ನೆರಳು ಅಡೆನಾಯ್ಡ್. ಅದರ ಅಂಚನ್ನು ಪೆನ್ಸಿಲ್ಲಿನಲ್ಲಿ ಎಳೆಯಿರಿ, ಕೆಳಗೆ ಗಂಟಲಿನ ಹಿಂಗೋಡೆಯವರೆಗೂ. ಈಗ ಚಿತ್ರ ಪೂರ್ತಿ.

ಮೊದಲು ಕಣ್ಣಳತೆ

ಸಂಖ್ಯೆಗೆ ಕೈಹಾಕುವ ಮುನ್ನ ಹತ್ತು ಸೆಕೆಂಡಿನ ಒಂದು ನೋಟವಿದೆ. 1985ರಲ್ಲಿ ಕೋಹೆನ್ ಮತ್ತು ಕೋನಕ್ ಹೇಳಿದ್ದು. ಮೃದು ಅಂಗುಳದ ಮೇಲ್ಭಾಗದ ಬೆನ್ನಿಗಿರುವ ಗಾಳಿಯ ಪಟ್ಟಿಯ ಅಗಲವನ್ನು ಆ ಅಂಗುಳದ ದಪ್ಪಕ್ಕೇ ಹೋಲಿಸಿ. ಗಾಳಿ ಅಂಗುಳದಷ್ಟಾದರೂ ಅಗಲವಿದ್ದರೆ ಅಡೆನಾಯ್ಡ್ ಚಿಕ್ಕದು. ಅದಕ್ಕಿಂತ ಕಿರಿದು, ಆದರೆ ಅರ್ಧಕ್ಕಿಂತ ಹೆಚ್ಚಿದ್ದರೆ ಮಧ್ಯಮ. ಅರ್ಧವೂ ಇಲ್ಲದಿದ್ದರೆ ದೊಡ್ಡದು. ಅಳತೆಗೋಲು ಮಗುವಿನ ಗಂಟಲಿನಲ್ಲೇ ಇರುವುದರಿಂದ ಸ್ಕೇಲೂ ಬೇಡ, ಫಿಲ್ಮು ಎಷ್ಟು ಹಿಗ್ಗಿದೆ ಎಂಬ ಲೆಕ್ಕವೂ ಬೇಡ. ದಿನವಿಡೀ ಫಿಲ್ಮು ನೋಡುವವರಿಗೆ ನಾನು ಮೊದಲು ಕಲಿಸುವುದು ಇದನ್ನೇ.

ಅನುಪಾತ: ಎ ಭಾಗಿಸು ಎನ್

1979ರಲ್ಲಿ ಫುಜಿಯೋಕಾ, ಯಂಗ್ ಮತ್ತು ಗಿರ್ಡನಿ ಕೊಟ್ಟ ಅಡೆನಾಯ್ಡ್-ನೇಸೋಫ್ಯಾರಿಂಕ್ಸ್ ಅನುಪಾತ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಇಎನ್‌ಟಿಯವರಿಗೂ ರೇಡಿಯಾಲಜಿಯವರಿಗೂ ಪರಿಚಿತ ಭಾಷೆ ಇದು. ಎರಡೇ ಗೆರೆಯ ಕೆಲಸ.

ಬೇಸಿಆಕ್ಸಿಪಿಟ್‌ನ ಕೆಳಮುಖದಲ್ಲಿ ನೇರವಾಗಿರುವ ಭಾಗದ ಮೇಲೆ ಸ್ಕೇಲಿಟ್ಟು ಒಂದು ಗೆರೆ ಎಳೆಯಿರಿ. ಅಡೆನಾಯ್ಡ್ ಅತಿ ಹೆಚ್ಚು ಉಬ್ಬಿರುವ ಬಿಂದುವಿನಿಂದ ಆ ಗೆರೆಗೆ ಲಂಬ ಇಳಿಸಿ. ಆ ಲಂಬದ ಉದ್ದ ಎ. ಇನ್ನು ಪಿಎನ್‌ಎಸ್‌ನಿಂದ ಸಿಂಕಾಂಡ್ರೋಸಿಸ್‌ನ ಮುಂದಿನ ಕೆಳಮೂಲೆಗೆ ನೇರ ಗೆರೆ. ಅದು ಎನ್, ಅಂದರೆ ಮೂಗಿನ ಹಿಂಕೋಣೆಯ ಒಟ್ಟು ಜಾಗ. ಎ ಅನ್ನು ಎನ್‌ನಿಂದ ಭಾಗಿಸಿ.

ಏಳು ವರ್ಷದ ಒಂದು ಮಗುವಿನಲ್ಲಿ ಎ 19 ಮಿ.ಮೀ., ಎನ್ 23 ಮಿ.ಮೀ. ಬಂತು ಎನ್ನಿ. 19 ಭಾಗಿಸು 23 ಎಂದರೆ 0.83. ಅನುಪಾತ 0.8 ದಾಟಿದರೆ ಅಡೆನಾಯ್ಡ್ ದೊಡ್ಡದಾಗಿದೆ ಎಂದು ಅವರು ಹೇಳಿದರು. ಅವರ ಲೆಕ್ಕದಲ್ಲಿ ಆರೋಗ್ಯವಂತ ಮಕ್ಕಳ ಸರಾಸರಿ ನಾಲ್ಕೂವರೆ ವರ್ಷದ ಆಸುಪಾಸಿನಲ್ಲಿ ತುತ್ತತುದಿಗೆ ಏರಿ ಸುಮಾರು 0.59 ಆಗುತ್ತದೆ, ಆಮೇಲೆ ಇಳಿಯುತ್ತದೆ. ಆದ್ದರಿಂದ 0.65 ಬಂದರೆ ಅದು ನಾಲ್ಕರ ಮಗುವಿಗೆ ಒಂದು ಅರ್ಥ, ಹದಿಮೂರರವನಿಗೆ ಬೇರೆ ಅರ್ಥ. 0.6ರಿಂದ 0.8ರ ನಡುವೆ ಬಂದಾಗ ನಾನು ಫಿಲ್ಮನ್ನು ಬದಿಗಿಟ್ಟು ಮಗುವಿನ ರಾತ್ರಿಗಳ ಬಗ್ಗೆ ಕೇಳುತ್ತೇನೆ.

ಅನುಪಾತದ ದೊಡ್ಡ ಗುಣ ಎಂದರೆ ಫಿಲ್ಮು ಎಷ್ಟು ಹಿಗ್ಗಿದ್ದರೂ ಮೇಲೂ ಕೆಳಗೂ ಒಂದೇ ಪ್ರಮಾಣ, ಉತ್ತರ ಬದಲಾಗದು. ಅದರ ದೋಷವೆಂದರೆ ಅದು ಅಡೆನಾಯ್ಡ್ ಎಷ್ಟಿದೆ ಎನ್ನುತ್ತದೆಯೇ ಹೊರತು ಗಾಳಿಗೆ ಎಷ್ಟು ಉಳಿದಿದೆ ಎಂದು ನೇರವಾಗಿ ಹೇಳುವುದಿಲ್ಲ. ಅಗಲವಾದ ಕೋಣೆಯಲ್ಲಿ ದೊಡ್ಡ ಬೀರು ಇದ್ದರೂ ಓಡಾಡಬಹುದು, ಇಕ್ಕಟ್ಟಿನಲ್ಲಿ ಸಣ್ಣ ಪೆಟ್ಟಿಗೆಯೂ ಕಾಲಿಗೆ ತಾಗುತ್ತದೆ. ಅಂಗುಳ ಹಿಂದಕ್ಕೆ ಸರಿದ, ಮುಖ ಉದ್ದನೆಯ ಮಕ್ಕಳಲ್ಲಿ ಇದು ಮುಖ್ಯ.

ಉಳಿದ ಜಾಗ: ಮಿಲಿಮೀಟರು

ಹಾಗಾಗಿ ಎರಡನೆಯ ಅಳತೆ. 1984ರಲ್ಲಿ ಮೆಕ್‌ನಮಾರಾ ತಮ್ಮ ಸೆಫ್ ವಿಶ್ಲೇಷಣೆಯಲ್ಲಿ ಎರಡು ಉಸಿರಿನ ಅಳತೆ ಸೇರಿಸಿದರು. ಮೇಲಿನದು: ಮೃದು ಅಂಗುಳದ ಮುಂದಿನ ಅರ್ಧದ ಬೆನ್ನಿನಿಂದ ಗಂಟಲಿನ ಹಿಂಗೋಡೆಯ ಅತಿ ಹತ್ತಿರದ ಬಿಂದುವಿಗೆ. ದೊಡ್ಡವರಲ್ಲಿ ಸರಾಸರಿ 17.4 ಮಿ.ಮೀ. ಮಕ್ಕಳಲ್ಲಿ ಇದಕ್ಕಿಂತ ಕಡಿಮೆಯೇ ಸಹಜ. 5 ಮಿ.ಮೀ. ಅಥವಾ ಅದಕ್ಕೂ ಕಡಿಮೆ ಇದ್ದರೆ ಅಡಚಣೆಯ ಸೂಚನೆ ಎಂದರು. ಬರೀ ಸೂಚನೆ, ಖಚಿತ ಮಾಡುವುದು ಇಎನ್‌ಟಿ ತಜ್ಞರ ಕೆಲಸ ಎಂದೂ ಅವರೇ ಸೇರಿಸಿದರು. ಕೆಳಗಿನದು: ನಾಲಗೆಯ ಹಿಂದಿನ ಅಂಚು ಕೆಳದವಡೆಯ ಕೆಳ ಅಂಚನ್ನು ದಾಟುವಲ್ಲಿಂದ ಹಿಂಗೋಡೆಗೆ, ಸರಾಸರಿ 10ರಿಂದ 12 ಮಿ.ಮೀ. ಇದು ಸರಾಸರಿಗಿಂತ ಬಹಳ ಅಗಲವಾದರೆ ಖುಷಿಪಡಬೇಡಿ. ಟಾನ್ಸಿಲ್ ದೊಡ್ಡದಿರುವ ಮಗು ಉಸಿರಿಗಾಗಿ ನಾಲಗೆಯನ್ನು ಮುಂದೆ ಹಿಡಿದುಕೊಂಡಿರಬಹುದು. ಬಾಯಿ ತೆರೆಸಿ ಟಾನ್ಸಿಲ್ ನೋಡಿ.

ಇದಕ್ಕೂ ಮೊದಲು, 1970ರಲ್ಲಿ, ಸ್ವೀಡನ್ನಿನ ಲಿಂಡರ್-ಆರನ್ಸನ್ ಪಿಎನ್‌ಎಸ್‌ನಿಂದ ಬೇಸಿಯಾನ್ ಕಡೆಗೆ ಎಳೆದ ಗೆರೆಯಲ್ಲಿ ಅಡೆನಾಯ್ಡ್ ಸಿಗುವವರೆಗಿನ ದೂರ ಅಳೆಯುತ್ತಿದ್ದರು. ಅಡೆನಾಯ್ಡ್ ತೆಗೆದು ಮಗು ಮೂಗಿನಲ್ಲಿ ಉಸಿರಾಡತೊಡಗಿದ ಮೇಲೆ ಬಾಚಿಹಲ್ಲುಗಳ ವಾಲಿಕೆ ಸುಧಾರಿಸುವುದನ್ನು ತೋರಿಸಿದವರೂ ಅವರೇ. ನಮ್ಮ ವೃತ್ತಿ ಈ ವಿಷಯಕ್ಕೆ ತಲೆಹಾಕಲು ಅದೊಂದು ಕಾರಣ.

ಮಿಲಿಮೀಟರಿನಲ್ಲಿ ಅಳೆಯುವಾಗ ಹಿಗ್ಗುವಿಕೆ ಕಳೆಯಲೇಬೇಕು. ಎಕ್ಸ್‌ರೇ ಹೊರಡುವ ಜಾಗ ಮುಖದ ಮಧ್ಯಕ್ಕೆ 5 ಅಡಿ, ಅಂದರೆ 152.4 ಸೆಂ.ಮೀ. ಮುಖದ ಮಧ್ಯದಿಂದ ಫಿಲ್ಮು 15 ಸೆಂ.ಮೀ. ಇದ್ದರೆ ಚಿತ್ರ ಸುಮಾರು ಶೇ. 10 ದೊಡ್ಡದಾಗಿರುತ್ತದೆ. ಫಿಲ್ಮಿನಲ್ಲಿ 5.5 ಮಿ.ಮೀ. ಎಂದರೆ ನಿಜದಲ್ಲಿ 5. ಗಡಿರೇಖೆಯ ಮೇಲೆ ನಿಂತ ಮಗುವಿಗೆ ಆ ಅರ್ಧ ಮಿಲಿಮೀಟರು ದೊಡ್ಡದು. ಡಿಜಿಟಲ್ ಚಿತ್ರದಲ್ಲಿ ಮೂಗಿನ ಬುಡಕ್ಕೆ ತಾಗುವ ಕಡ್ಡಿಯ ಮೇಲೆ ಸಾಮಾನ್ಯವಾಗಿ ಲೋಹದ ಗುರುತುಗಳಿರುತ್ತವೆ. ಸಾಫ್ಟ್‌ವೇರಿಗೆ ಅದನ್ನೇ ಅಳತೆಯಾಗಿ ಕೊಟ್ಟರೆ ತಲೆಯ ನಡುಗೆರೆಯಲ್ಲಿರುವ ಕಾರಣ ಹಿಗ್ಗುವಿಕೆ ತಾನೇ ಕಳೆಯುತ್ತದೆ.

ಇಷ್ಟಾದ ಮೇಲೂ ಒಂದು ವಾರ ಬಿಟ್ಟು ಅದೇ ಫಿಲ್ಮನ್ನು ಹಿಂದಿನ ಗೆರೆ ನೋಡದೆ ಮತ್ತೆ ಅಳೆಯಿರಿ. ನಿಮ್ಮ ಎರಡು ಉತ್ತರಗಳ ನಡುವಿನ ಅಂತರ ನಿಮ್ಮ ಕೈಯ ಅಹಂಕಾರವನ್ನು ಇಳಿಸುತ್ತದೆ.

ಫಿಲ್ಮು ಹೇಳದ ಮಾತು

ಇದು ಪಕ್ಕದಿಂದ ಬಿದ್ದ ನೆರಳು. ದಾರಿ ಎಡದಿಂದ ಬಲಕ್ಕೆ ಎಷ್ಟು ಅಗಲ ಎಂಬುದು ಇದರಲ್ಲಿಲ್ಲ. ಮಗು ಎಚ್ಚರವಿದೆ, ನಿಂತಿದೆ. ತೊಂದರೆ ಆಗುವುದು ಅಂಗಾತ ಮಲಗಿ ಸ್ನಾಯು ಸಡಿಲವಾದಾಗ. ಮೂಗಿನ ಮುಂಭಾಗದಲ್ಲಿ ಅಲರ್ಜಿಯಿಂದ ಊದಿದ ಟರ್ಬಿನೇಟ್ (ಮೂಗಿನೊಳಗಿನ ಮಡಿಕೆ), ಸೊಟ್ಟಗಿನ ಮೂಗಿನ ಗೋಡೆ ಇದ್ದರೆ ಸೆಫ್ ಏನನ್ನೂ ಹೇಳದು. ಅಡೆನಾಯ್ಡ್ ಚಿಕ್ಕದು ಎಂದು ನೀವು ಬರೆದ ಮಗು ರಾತ್ರಿಯಿಡೀ ಬಾಯಲ್ಲೇ ಉಸಿರಾಡುತ್ತಿರಬಹುದು.

ಆದ್ದರಿಂದ ಈ ಅಳತೆಗಳಿಂದ ನಿದ್ರೆಯ ಉಸಿರುಗಟ್ಟುವಿಕೆ ಇದೆ ಅಥವಾ ಇಲ್ಲ ಎಂದು ಬರೆಯುವಂತಿಲ್ಲ. 2019ರಲ್ಲಿ ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ ಹೊರಡಿಸಿದ ಶ್ವೇತಪತ್ರವೂ ಇದನ್ನೇ ಹೇಳುತ್ತದೆ. ಅದನ್ನು ನಿರ್ಧರಿಸುವುದು ರಾತ್ರಿಯ ನಿದ್ರಾ ಪರೀಕ್ಷೆ. ಮಕ್ಕಳಲ್ಲಿ ಗಂಟೆಗೆ ಒಂದಕ್ಕಿಂತ ಹೆಚ್ಚು ಸಲ ಉಸಿರು ಕಟ್ಟಿದರೆ ಅಥವಾ ಕ್ಷೀಣಿಸಿದರೆ ಅದನ್ನು ಸಾಮಾನ್ಯವಾಗಿ ಅಸಹಜ ಎನ್ನುತ್ತಾರೆ. ಕ್ಲಿನಿಕ್ಕಿನಲ್ಲಿ ನಾವು ಮಾಡಬಹುದಾದದ್ದು ಪ್ರಶ್ನೆ ಕೇಳುವುದು. ಮಕ್ಕಳ ನಿದ್ರೆಯ ಉಸಿರಾಟದ ಬಗ್ಗೆ ಚರ್ವಿನ್ ಮತ್ತು ಸಂಗಡಿಗರು ಮಾಡಿದ 22 ಪ್ರಶ್ನೆಗಳ ಪಟ್ಟಿಯಲ್ಲಿ ಉತ್ತರ ಸಿಕ್ಕವುಗಳ ಪೈಕಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು "ಹೌದು" ಬಂದರೆ ಮುಂದೆ ಕಳಿಸಬೇಕು. ಕನ್ನಡದಲ್ಲಿ ನಾನು ಕೇಳುವುದು: ಗೊರಕೆ ಮಧ್ಯೆ ನಿಂತು, ಆಮೇಲೆ ಗಕ್ಕನೆ ಉಸಿರು ಎಳೆಯುತ್ತಾನಾ? ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆಯಾ? ಬೆಳಿಗ್ಗೆ ಎಬ್ಬಿಸೋದು ಯುದ್ಧವಾ? ಟಿವಿ ಸೌಂಡ್ ಜಾಸ್ತಿ ಇಡ್ತಾನಾ? ಕೊನೆಯದು ಆ ಪಟ್ಟಿಯದಲ್ಲ, ನನ್ನದು. ಅಡೆನಾಯ್ಡ್ ಕಿವಿಗೆ ಹೋಗುವ ನಾಳದ ಬಾಯಿಯ ಹತ್ತಿರವೇ ಇರುವುದರಿಂದ ಕಿವಿಯೊಳಗೆ ನೀರು ನಿಲ್ಲುವ ಮಕ್ಕಳನ್ನು ಹಿಡಿಯಲು ಇದಕ್ಕಿಂತ ಸುಲಭದ ಪ್ರಶ್ನೆ ನನಗೆ ಸಿಕ್ಕಿಲ್ಲ.

ಚೀಟಿ ಬರೆಯುವುದು

"ಅಡೆನಾಯ್ಡ್? ದಯವಿಟ್ಟು ನೋಡಿ" ಎಂಬ ಚೀಟಿ ಯಾರ ಸಮಯವನ್ನೂ ಉಳಿಸುವುದಿಲ್ಲ. ನನ್ನ ಚೀಟಿ ಹೀಗಿರುತ್ತದೆ:

"7 ವರ್ಷದ ಗಂಡು ಮಗು. ಒಂದು ವರ್ಷದಿಂದ ದಿನವೂ ಗೊರಕೆ, ಬಾಯಿ ಉಸಿರಾಟ, ಕೇಳಿಸುವುದು ಕಡಿಮೆ ಎಂದು ತಾಯಿಯ ಅನುಮಾನ. ಟಾನ್ಸಿಲ್ ಎರಡೂ ಕಡೆ ದೊಡ್ಡದು. ಹಲ್ಲಿನ ಚಿಕಿತ್ಸೆಗೆ ತೆಗೆದ ಸೆಫ್‌ನಲ್ಲಿ ಎ/ಎನ್ ಅನುಪಾತ 0.83, ಮೇಲಿನ ಗಂಟಲು ಹಿಗ್ಗುವಿಕೆ ಕಳೆದು 4 ಮಿ.ಮೀ. ನೆಗಡಿ ಇಲ್ಲದಾಗ, ಅಂಗುಳ ವಿಶ್ರಾಂತಿಯಲ್ಲಿದ್ದಾಗ ತೆಗೆದದ್ದು. ಮೂಗು, ಕಿವಿ ಪರೀಕ್ಷಿಸಿ ನಿಮ್ಮ ಅಭಿಪ್ರಾಯ ತಿಳಿಸಿ. ಅಂಗುಳ ಅಗಲ ಮಾಡುವ ಚಿಕಿತ್ಸೆಯನ್ನು ಅದನ್ನು ನೋಡಿ ನಿರ್ಧರಿಸುತ್ತೇನೆ."

ಆಪರೇಷನ್ ಬೇಕು ಎಂದು ಚೀಟಿಯಲ್ಲೂ ಬರೆಯಬೇಡಿ, ಪೋಷಕರ ಮುಂದೆ ಬಾಯಿಯಲ್ಲೂ ಆಡಬೇಡಿ. ಇಎನ್‌ಟಿಯವರು ಎಂಡೋಸ್ಕೋಪಿಯಲ್ಲಿ ನೋಡಿ ಕೆಲವು ವಾರ ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಕೊಡಬಹುದು, ಅಲರ್ಜಿಗೆ ಚಿಕಿತ್ಸೆ ಮಾಡಬಹುದು, ಸುಮ್ಮನೆ ಕಾಯಬಹುದು. ಹಾಗೆಯೇ ತಿರುಗು ಮುರುಗು ತಪ್ಪೂ ಬೇಡ: ಅಡೆನಾಯ್ಡ್ ತೆಗೆದ ಮಾತ್ರಕ್ಕೆ ಕಿರಿದಾದ ಅಂಗುಳ ತಾನಾಗಿ ಅಗಲವಾಗಿಬಿಡುತ್ತದೆ, ಕ್ಲಿಪ್ ಬೇಡ ಎಂದು ಭರವಸೆ ಕೊಡಬೇಡಿ. ವರ್ಷಗಟ್ಟಲೆಯ ಬಾಯಿ ತೆರೆಯುವ ಅಭ್ಯಾಸವೂ ಒಂದೇ ದಿನಕ್ಕೆ ಹೋಗುವುದಿಲ್ಲ. ಚಿಕಿತ್ಸೆ ಆದ ಮೇಲೆ "ಈಗ ಹೇಗಿದೆ ನೋಡೋಣ" ಎಂದು ಮತ್ತೊಂದು ಸೆಫ್ ಬೇಡವೇ ಬೇಡ. ಹಲ್ಲಿನ ಚಿಕಿತ್ಸೆಯ ಮಧ್ಯೆ ಹೇಗೂ ತೆಗೆದಾಗ ಹೋಲಿಸಿದರಾಯಿತು.

ವಾಟ್ಸ್‌ಆ್ಯಪ್ಪಿನಲ್ಲಿ ಬರುವ ಫಿಲ್ಮು

ಇದನ್ನು ಬರೆಯದೆ ಬಿಡುವ ಹಾಗಿಲ್ಲ, ಏಕೆಂದರೆ ವಾರಕ್ಕೊಂದು ಬರುತ್ತದೆ. ಕಿಟಕಿಗೆ ಹಿಡಿದ ಫಿಲ್ಮಿನ ಫೋಟೋ, ಮೂಲೆಯಲ್ಲಿ ಹೆಬ್ಬೆರಳು, ಹಿಂದೆ ತೆಂಗಿನ ಮರ. "ಡಾಕ್ಟ್ರೇ, ಬ್ಲಾಕ್ ಎಷ್ಟಿದೆ?" ಅಂಥ ಫೋಟೋದಲ್ಲಿ ಮಿಲಿಮೀಟರು ಅಳೆಯುವುದು ಸುಳ್ಳು. ನೇರವಾಗಿ ಹಿಡಿದಿದ್ದರೆ ಅಂಗುಳದ ದಪ್ಪಕ್ಕೆ ಹೋಲಿಸುವ ಕಣ್ಣಳತೆ ಮಾತ್ರ ಆಗಬಹುದು. ಓರೆಯಾಗಿದ್ದರೆ ಅದೂ ಇಲ್ಲ. ಸೆಂಟರಿನಿಂದ ಮೂಲ ಡಿಜಿಟಲ್ ಫೈಲನ್ನೇ ಕೇಳಿ ತನ್ನಿ ಎನ್ನುತ್ತೇನೆ.

ಆ ಫೈಲು ಬರುವುದರೊಳಗೆ ಇನ್ನೊಂದು ಕೆಲಸ ಹೇಳುತ್ತೇನೆ. ಮಗು ಮಲಗಿ ಒಂದೆರಡು ಗಂಟೆಯಾದ ಮೇಲೆ, ಲೈಟು ಮಂದವಿಟ್ಟು, ಮುಖವೂ ಎದೆಯೂ ಕಾಣುವಂತೆ ಎರಡು ನಿಮಿಷ ವಿಡಿಯೋ ಮಾಡಿ, ಫ್ಯಾನ್ ಆರಿಸಿ ಶಬ್ದ ಕೇಳುವ ಹಾಗೆ. ಹೋದ ತಿಂಗಳು ಒಬ್ಬ ಅಜ್ಜಿ ಮಾಡಿ ಕಳಿಸಿದರು. ಮಗುವಿನ ಎದೆ ಒಳಕ್ಕೆ ಎಳೆಯುತ್ತಿದೆ, ಹೊಟ್ಟೆ ಏಳುತ್ತಿದೆ, ಆದರೆ ಶಬ್ದವಿಲ್ಲ. ಅಜ್ಜಿ ಮೆಲ್ಲಗೆ ಎಣಿಸುತ್ತಿದ್ದಾರೆ, ಒಂದು, ಎರಡು, ಮೂರು. ಹನ್ನೊಂದಕ್ಕೆ ಮಗು ಗಕ್ಕನೆ ಉಸಿರೆಳೆದು ಮಗ್ಗುಲಾಯಿತು. ಫಿಲ್ಮಿನಲ್ಲಿ ಆ ಮಗುವಿನ ಅನುಪಾತ 0.71. ವಿಡಿಯೋವನ್ನು ಚೀಟಿಯ ಜೊತೆಗೇ ಇಎನ್‌ಟಿಗೆ ಕಳಿಸಿದೆ, ಮೊದಲು ಇದನ್ನು ನೋಡಿ, ಆಮೇಲೆ ನನ್ನ ಗೆರೆಗಳನ್ನು ಎಂದು ಬರೆದು.